ದೊರೆಸಾನಿಯ ಹಗ್ಗ ಹಿಡಿದ ಚಿತ್ರಲಿಂಗಪ್ಪ

ಚಿತ್ರಲಿಂಗಪ್ಪನಿಗೆ ತನ್ನ ಕುರಿಗಳ ಮುಖ ಗೊತ್ತಿಲ್ಲ. ಹೀಗೆಂದರೆ ಯಾರೂ ನಂಬುವುದಿಲ್ಲ. ಹುಟ್ಟಿದಾಗಿನಿಂದ ಕುರಿ ಕಾಯುತ್ತಿರುವ ಮನುಷ್ಯನಿಗೆ ಮುಖ ಗೊತ್ತಿಲ್ಲವೆಂದರೆ ಹೇಗೆ ಎಂದು ನನ್ನನ್ನೇ ಕೇಳುತ್ತಾರೆ. ಬೇಕಾದರೆ ಬಂದು ನೋಡಲಿ. ಒಂದು ಕುರಿಯನ್ನು ಅವನ ಎದುರು ನಿಲ್ಲಿಸಿ, "ಲಿಂಗಣ್ಣ, ಇದು ಯಾವುದು?" ಎಂದರೆ ತಲೆ ಕೆರೆದುಕೊಳ್ಳುತ್ತಾನೆ. ಆಮೇಲೆ ಮೆಲ್ಲಗೆ ಅದರ ಹಿಂದಕ್ಕೆ ಹೋಗಿ ನಿಲ್ಲುತ್ತಾನೆ. "ಓಹೋ, ಇದಾ! ಹೋದ ಸಲ ಅವಳಿ ಹಾಕಿದ್ದು. ಇದ್ರವ್ವನೂ ಹಿಂಗೇ ಕಾಲು ಅಗಲಿಸ್ಕಂಡು ನಡೀತಿತ್ತು" ಎಂದು ಅದರ ವಂಶಾವಳಿಯನ್ನೇ ಬಿಚ್ಚುತ್ತಾನೆ.

ಅದರಲ್ಲಿ ಅವನ ತಪ್ಪೇನಿಲ್ಲ. ಮಂದೆ ದೂರ ಮೇಯಲು ಹೊರಟರೆ ಒಬ್ಬರು ಮುಂದೆ ನಡೆಯಬೇಕು, ಒಬ್ಬರು ಹಿಂದೆ. ಮುಂದಿನವರದು ಕರೆಯುವ ಕೆಲಸ, ಹಿಂದಿನವರದು ಕಾಯುವ ಕೆಲಸ. ಕುಂಟಿದ್ದು, ಹಿಂದುಳಿದದ್ದು, ದಾರಿಯಲ್ಲೇ ಈದದ್ದು, ಯಾರದೋ ಮೆಕ್ಕೆಜೋಳಕ್ಕೆ ಬಾಯಿ ಹಾಕಿದ್ದು, ಎಲ್ಲವೂ ಹಿಂದಿನವರ ಪಾಲಿಗೆ. ಚಿತ್ರಲಿಂಗಣ್ಣ ಮೊದಲಿನಿಂದಲೂ ಹಿಂದಿನವನು. ಮುಂದೆ ನಡೆಯುತ್ತಿದ್ದವಳು ಅವನ ಹೆಂಡತಿ ಓಬಕ್ಕ. ನಲವತ್ತು ವರ್ಷದ ಸಂಸಾರದಲ್ಲಿ ಇಬ್ಬರೂ ನಡೆದಾಗೆಲ್ಲ ನಡುವೆ ಒಂದು ಮಂದೆ ಕುರಿ ಇರುತ್ತಿತ್ತು.

ನಾನು ಈ ಊರಿನ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್, ಹೆಸರು ಹೇಮಾವತಿ. ಭರಮಸಾಗರದ ಕೆರೆ ದಾಟಿ ಒಳಕ್ಕೆ ಬಂದರೆ ನಮ್ಮೂರು, ಊರಾಚೆ ಇವರ ಹಟ್ಟಿ, ಎರಡರ ನಡುವೆ ನನ್ನ ಮನೆ. ನನಗೆ ಪ್ರಾಣಿಗಳೆಂದರೆ ಅಷ್ಟಕ್ಕಷ್ಟೆ. ಒಗೆದು ಹಾಕಿದ ಬಟ್ಟೆಯ ಮೇಲೆ ಕುರಿ ನಡೆದುಹೋದರೆ ನಾನು ಎತ್ತುವ ದನಿ ಕೆರೆ ಏರಿಯವರೆಗೂ ಕೇಳುತ್ತದೆ. ಆದರೂ ಈ ಗಂಡ ಹೆಂಡಿರ ಮೇಲೆ ನನಗೊಂದು ಅಕ್ಕರೆ. ಅದು ಹೇಗೆ ಹುಟ್ಟಿತೋ ಗೊತ್ತಿಲ್ಲ. ಬೈಯಲು ಹೋದವಳು ಪ್ರತಿ ಸಲವೂ ಮಜ್ಜಿಗೆ ಕುಡಿದು ಬರುತ್ತಿದ್ದೆ, ಹಾಗೆ ಹುಟ್ಟಿರಬೇಕು.

ಚಿತ್ರಲಿಂಗಣ್ಣನ ಹಿಂದಿರುವ ಚಟ ಕುರಿಗಳ ಮಟ್ಟಿಗೆ ಮಾತ್ರವಲ್ಲ. ಬಸ್ಸೆಲ್ಲ ಖಾಲಿಯಿದ್ದರೂ ಕೊನೆಯ ಸೀಟಿಗೇ ಹೋಗಿ ಕೂರುತ್ತಾನೆ. ರೇಷನ್ ಸಾಲಿನಲ್ಲಿ ತನ್ನ ಹಿಂದೆ ಯಾರಾದರೂ ಬಂದರೆ ಅವರನ್ನು ಮುಂದೆ ಬಿಟ್ಟು ತಾನು ಹಿಂದಕ್ಕೆ ಸರಿಯುತ್ತಾನೆ. ಅವನು ಸಾಲಿನಲ್ಲಿ ನಿಂತ ದಿನ ಅಂಗಡಿಯವನಿಗೆ ಬಾಗಿಲು ಹಾಕುವುದು ತಡವಾಗುತ್ತದೆ. ಮಗಳು ರೇಣುಕಮ್ಮನ ಮದುವೆಯ ಫೋಟೋಗಳಲ್ಲಿ ಹೆಣ್ಣಿನ ಅಪ್ಪ ಎಲ್ಲಿದ್ದಾನೆಂದು ಹುಡುಕಬೇಕು. ಒಂದರಲ್ಲಿ ಕಿವಿ, ಇನ್ನೊಂದರಲ್ಲಿ ಪೇಟದ ತುದಿ, ಅಷ್ಟೆ. ತನ್ನ ಮದುವೆಯಲ್ಲೂ ಹೀಗೇ ಮಾಡಿದ್ದನಂತೆ. ಮೆರವಣಿಗೆಯಲ್ಲಿ ಅವನು ಒಂದೊಂದೇ ಹೆಜ್ಜೆ ಹಿಂದೆ ಬಿದ್ದನಂತೆ, ಮದುಮಗಳು ಒಬ್ಬಳೇ ಡೋಲಿನವರ ಹಿಂದೆ ಹೋಗುತ್ತಿದ್ದಳಂತೆ. ಈ ಕಥೆ ಹೇಳುವಾಗ ಓಬಕ್ಕನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬರುತ್ತಿತ್ತು. "ಹಿಂದ್ಕೆ ತಿರುಗಿ ನೋಡ್ತೀನಿ, ಗಂಡನೇ ಇಲ್ಲ ಕಣಮ್ಮ! ನಂಟ್ರ ಹಿಂದೆ ಬರ್ತಾ ಅವ್ನೆ, ಯಾರಾದ್ರೂ ಉಳ್ಕಂಡವ್ರಾ ಅಂತ ನೋಡ್ಕಂತ."

ಓಬಕ್ಕ ಮುಂದೆ ನಡೆಯಲೆಂದೇ ಹುಟ್ಟಿದವಳು. ಅವಳದೊಂದು ಕೂಗಿತ್ತು. "ಬಾ... ಬಾ... ಹೋ...ಯ್" ಎಂದು ಶುರುವಾಗಿ, ಕೊನೆಗೆ ತೆಳ್ಳಗಾಗಿ ಮೇಲಕ್ಕೆ ಹೋಗುತ್ತಿತ್ತು. ಆ ಕೂಗು ಕೇಳಿದರೆ ಬಾಯಲ್ಲಿ ಹುಲ್ಲಿದ್ದರೂ ಕುರಿ ತಲೆಯೆತ್ತಬೇಕು. ಅವಳ ಪಕ್ಕದಲ್ಲಿ ಗೌರಿ ಎಂಬ ಹೆಣ್ಣು ಕುದುರೆ. ಅದರ ಬೆನ್ನ ಮೇಲೆ ಪಾತ್ರೆ ಪಡಗ, ರಾತ್ರಿ ಕುರಿಗಳ ಸುತ್ತ ಕಟ್ಟುವ ಬಲೆ, ಕಂಬಳಿ, ಆಗತಾನೆ ಹುಟ್ಟಿದ ಮರಿಗಳು. ಕೊರಳಲ್ಲಿ ಒಂದು ಕಂಚಿನ ಗಂಟೆ. ಕುರಿಗಳು ಆ ಗಂಟೆ ಮತ್ತು ಆ ಕೂಗು, ಎರಡರ ಹಿಂದೆಯೇ ನಡೆಯುತ್ತಿದ್ದವು. ಸುಗ್ಗಿ ಮುಗಿದೊಡನೆ ಹೈವೇ ದಾಟಿ ಭದ್ರಾ ಕಾಲುವೆ ಕಡೆಯ ಗದ್ದೆಬಯಲಿಗೆ ಹೋಗಿ, ಅಲ್ಲಿನ ರೈತರ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತ, ಮಳೆ ಬೀಳುವ ಹೊತ್ತಿಗೆ ವಾಪಸ್ಸು ಬರುವುದು. ವರ್ಷವರ್ಷವೂ ಇದೇ ದಾರಿ.

ಹೋದ ವರ್ಷ ಓಬಕ್ಕನ ಗಂಟಲಲ್ಲಿ ಗಡ್ಡೆಯಾಯಿತು. ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ತೆಗೆದರು. ಗಡ್ಡೆ ದನಿಯ ನರಕ್ಕೇ ಸುತ್ತಿಕೊಂಡಿದೆ, ಜೀವ ಉಳಿಯುತ್ತದೆ, ದನಿಯ ಬಗ್ಗೆ ಮಾತು ಕೊಡಲಾರೆವು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಓಬಕ್ಕ ಬದುಕಿ ಬಂದಳು. ಅವಳ ದನಿ ಪಿಸುಮಾತಿಗಿಂತ ಮೇಲೆ ಏಳಲೇ ಇಲ್ಲ. ಮೊದಲ ಸಲ ಆ ಪಿಸುದನಿ ಕೇಳಿ ನಾನು ಮನೆಗೆ ಬಂದು ಅತ್ತೆ. ಅಳುವ ಜಾತಿಯವಳಲ್ಲ ನಾನು.

ಅದರ ಬೆನ್ನಿಗೇ ಗೌರಿ ಹೊಟ್ಟೆ ಉಬ್ಬರ ಬಂದು ಸತ್ತಿತು. ಉಳಿದದ್ದು ಆಗಷ್ಟೇ ಹಾಲು ಬಿಟ್ಟಿದ್ದ ಅದರ ಮರಿ. ಮೈ ಕಂದು, ಹಣೆಯ ಮೇಲೆ ಬಿಳಿ ಬೊಟ್ಟು. ನಡೆಯುವಾಗ ನೆಲವೇ ತನ್ನದೆಂಬ ಗತ್ತು. ಹುರುಳಿ ಬೇಯಿಸಿ ತಣ್ಣಗೆ ಮಾಡಿಟ್ಟರೇ ತಿನ್ನಬೇಕು, ಬಿಸಿಯಿದ್ದರೆ ಬಕೀಟಿಗೆ ಒದೆಯಬೇಕು. ನಾನೇ ಅದಕ್ಕೆ ದೊರೆಸಾನಿ ಎಂದು ಹೆಸರಿಟ್ಟೆ. ನನ್ನ ಹೊಸ ಟವೆಲನ್ನು ಅರ್ಧ ತಿಂದ ದಿನ ಇಟ್ಟ ಹೆಸರು ಅದು, ಪ್ರೀತಿಯಿಂದ ಇಟ್ಟದ್ದಲ್ಲ. ಆದರೆ ಹೆಸರು ಹತ್ತಿಬಿಟ್ಟಿತು. ತಾಯಿ ಹೋದ ಮೇಲೆ ಅದು ಕುರಿಗಳ ಜೊತೆಯೇ ಬೆಳೆಯಿತು. ಮಧ್ಯಾಹ್ನದ ಬಿಸಿಲಿಗೆ ಕುರಿಗಳು ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ನಿಲ್ಲುತ್ತವಲ್ಲ, ಹಾಗೆ ತಾನೂ ತಲೆ ತೂರಿಸಲು ಹೋಗಿ, ಜಾಗ ಸಾಲದೆ, ಕುರಿಯನ್ನೇ ಎತ್ತಿಬಿಡುತ್ತಿತ್ತು.

ದೀಪಾವಳಿ ಕಳೆದ ಮೇಲೆ ಶ್ರೀರಾಂಪುರದ ಕಡೆಯಿಂದ ಓಬಕ್ಕನ ತಮ್ಮ ತಿಮ್ಮೇಶ್ ಬಂದ. ಅವನದೂ ದೊಡ್ಡ ಮಂದೆ, ಆಳುಕಾಳು ಇದ್ದಾರೆ. ಒಳ್ಳೆಯ ಮನುಷ್ಯ. ಒಳ್ಳೆಯದನ್ನೇ ಹೇಳಿದ.

"ಭಾವ, ಅಕ್ಕನ್ನ ಹೊಳಲ್ಕೆರೆಗೆ ಬಿಡಾಣ. ರೇಣುಕ ಅವ್ಳೆ, ಚೆನ್ನಾಗಿ ನೋಡ್ಕಂತಾಳೆ. ನಿಮ್ಮ ಕುರಿ ನನ್ನ ಮಂದೆ ಜೊತೆ ಬರ್ಲಿ. ನೀವೂ ಬರ್ರಿ, ಹಿಂದೆ ನಡೀರಿ. ಮುಂದೆ ನಮ್ಮ ಹುಡುಗ್ರು ಅವ್ರೆ."

ಚಿತ್ರಲಿಂಗಣ್ಣ ತಲೆಯಾಡಿಸಿದ. ಅವನು ಎಲ್ಲದಕ್ಕೂ ತಲೆಯಾಡಿಸುತ್ತಾನೆ. ಓಬಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು. ಅವಳು ಮಾತಾಡಿದರೆ ಈಗ ಎಲ್ಲರೂ ಉಸಿರು ಹಿಡಿದು ಕೇಳಬೇಕು.

"ನಾನು ಹೋಗಲ್ಲ. ಮಗಳ ಮನೆಯಾಗೆ ಎಲ್ಲಾ ಐತೆ. ನಾನು ಮಾಡೋ ಕೆಲ್ಸ ಒಂದು ಬಿಟ್ಟು. ದನಿ ಇಲ್ದೋಳು ಅಲ್ಲಿ ಗ್ವಾಡೆ ನೋಡ್ಕಂಡು ಕುಂತ್ಕಳ್ಳಾಕೆ ನಂಗಾಗಲ್ಲ ತಿಮ್ಮ. ನಾನು ಹಿಂದೆ ನಡೀತೀನಿ. ಇವ್ನು ಮುಂದೆ ನಡೀಲಿ."

ಚಿತ್ರಲಿಂಗಣ್ಣನ ಮುಖ ನೋಡಬೇಕಿತ್ತು. ಅವನನ್ನು ವಿಧಾನಸಭೆಯಲ್ಲಿ ಭಾಷಣ ಮಾಡು ಎಂದಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ.

ತಿಮ್ಮೇಶ್ ನಗಲಿಲ್ಲ. "ಅಕ್ಕ, ಹೈವೇ ಕೆಳಗೆ ಅಂಡರ್‌ಪಾಸ್ ಐತಲ್ಲ, ಅದ್ರೊಳಗೆ ಕುರಿ ಕರ್ಕಂಡು ಹೋಗ್ಬೇಕು. ಮ್ಯಾಲೆ ಲಾರಿ ಗುಡುಗ್ತಾವೆ. ನಿನ್ನ ಕೂಗು ಇಲ್ದೆ ಅವು ಬರ್ತಾವಾ?" ಎಂದು ಕೇಳಿದ.

"ಗೌರಿ ಗಂಟೆ ದೊರೆಸಾನಿಗೆ ಕಟ್ತೀನಿ. ಗಂಟೆ ಹಿಂದೆ ಬರ್ತಾವೆ."

"ಆ ಮರಿ ಹಗ್ಗಕ್ಕೇ ಬರಲ್ವಲ್ಲ!"

"ಕಲಿಸ್ತಾನೆ" ಎಂದಳು ಓಬಕ್ಕ, ಗಂಡನ ಕಡೆ ನೋಡದೆ.

ಕೊನೆಗೆ ತಿಮ್ಮೇಶನೇ ಒಂದು ಮಾತು ಕಟ್ಟಿದ. ಹೊರಡುವ ದಿನ ಅವನು ತನ್ನ ಹುಡುಗರ ಜೊತೆ ಅಂಡರ್‌ಪಾಸಿನ ಆಚೆ ನಿಂತಿರುತ್ತಾನೆ. ಇವರು ಮಂದೆಯನ್ನು ತಾವೇ ದಾಟಿಸಿದರೆ ಅವನು ಮುಂದೆ ಸೊಲ್ಲೆತ್ತುವುದಿಲ್ಲ. ದಾಟಿಸಲು ಆಗದಿದ್ದರೆ ಅಲ್ಲಿಂದಲೇ ಕುರಿ ಅವನ ಮಂದೆಗೆ, ಅಕ್ಕ ಹೊಳಲ್ಕೆರೆ ಬಸ್ಸಿಗೆ. ಓಬಕ್ಕ ಒಪ್ಪಿದಳು. ಚಿತ್ರಲಿಂಗಣ್ಣ ಅದಕ್ಕೂ ತಲೆಯಾಡಿಸಿದ.

ಮಾರನೆಯ ದಿನದಿಂದಲೇ ನನ್ನ ಮನೆಯ ಮುಂದಿನ ಬಂಡಿದಾರಿಯಲ್ಲಿ ಪಾಠ ಶುರುವಾಯಿತು. ಯಾರಿಗೆ ಪಾಠ ಎಂಬುದು ಆಮೇಲೆ ಗೊತ್ತಾಯಿತು.

ಸಾಮಾನ್ಯವಾಗಿ ಕುರಿಯವರು ಕುದುರೆ ಮರಿಗೆ ಹಗ್ಗದ ಪಾಠ ಹೇಳುವುದೇ ಇಲ್ಲ. ತಾಯಿಯ ಹಿಂದೆ ಮರಿ ತಾನಾಗಿ ಓಡಿಬರುತ್ತದೆ, ಹೇರು ಹೊರುವ ವಯಸ್ಸಿಗೆ ಹಗ್ಗವೂ ರೂಢಿಯಾಗಿರುತ್ತದೆ. ಹಾಗಾಗಿ ಚಿತ್ರಲಿಂಗಣ್ಣನಿಗೆ ಇದು ಹೊಸದು. ಹಳೆಯ ಹತ್ತಿಸೀರೆ ಹೊಸೆದು ಮೆತ್ತನೆ ಹಗ್ಗ ಮಾಡಿ ಮರಿಯ ಮುಖಕ್ಕೆ ಹಾಕಿದ. ಅಷ್ಟಕ್ಕೆ ಅದು ಒಪ್ಪಿತು. ಅವನು ಹಗ್ಗ ಹಿಡಿದು ಮುಂದೆ ಹೆಜ್ಜೆ ಇಟ್ಟ, ಮರಿಯೂ ಇಟ್ಟಿತು. ಇವನು ತಕ್ಷಣ ಹಿಂದೆ ತಿರುಗಿ ನೋಡಿದ. ಮರಿ ನಿಂತಿತು. ಇವನು ಅದರ ಕಣ್ಣನ್ನೇ ನೋಡುತ್ತ ಎಳೆದ. ಅದು ಮುಂಗಾಲು ಊರಿ, ಹಿಂದಕ್ಕೆ ವಾಲಿ, ಎಳೆದಷ್ಟೂ ಎಳೆದು, ಧೊಪ್ಪನೆ ಕುಂಡೆಯ ಮೇಲೆ ಕುಳಿತುಬಿಟ್ಟಿತು. ಅವನು ಹಗ್ಗ ಬಿಟ್ಟು ಹಿಂದಕ್ಕೆ ಓಡಿ, "ಪೆಟ್ಟಾತೇನವ್ವ?" ಎಂದು ಅದರ ಬಾಲ ಸವರತೊಡಗಿದ.

ದಿನವೂ ಇದೇ ಆಟ. ಹೆಜ್ಜೆ ಇಡುವುದು, ತಿರುಗುವುದು, ಮರಿ ನಿಲ್ಲುವುದು. ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟರೆ ಯಾವ ಮರಿಯಾದರೂ ನಡೆಯಲು ಹೇಗೆ ಧೈರ್ಯ ಮಾಡೀತು? ಆದರೆ ಇವನಿಗೆ ತಿರುಗದೆ ಇರಲು ಆಗುವುದಿಲ್ಲ. ಬೆನ್ನ ಹಿಂದೆ ಪ್ರಾಣಿ ಇದೆ, ತಾನು ಅದನ್ನು ನೋಡುತ್ತಿಲ್ಲ ಎಂಬುದು ಅವನ ಪಾಲಿಗೆ ಒಲೆಯ ಮೇಲೆ ಹಾಲಿಟ್ಟು ಪೇಟೆಗೆ ಹೋದ ಹಾಗೆ.

ನನಗೆ ತಡೆಯಲಾಗಲಿಲ್ಲ. ವರ್ಷಗಟ್ಟಲೆ ಮಕ್ಕಳನ್ನು ಪರೇಡ್ ಮಾಡಿಸಿದವಳು. ಸೀಟಿ ಹಿಡಿದು ಬೇಲಿ ದಾಟಿ ಹೋದೆ.

"ಲಿಂಗಣ್ಣ, ಆ ಬೇವಿನ ಮರ ಕಾಣ್ತೈತಲ್ಲ? ಅದನ್ನೇ ನೋಡ್ರಿ. ಕತ್ತು ತಿರುಗಿಸ್ಬ್ಯಾಡ್ರಿ. ಎಡ... ಬಲ... ಎಡ..."

ಅವನು ಪಾಪ, ಎದೆ ಮುಂದೆ ಮಾಡಿ, ಕೈ ಬೀಸಿ ನಡೆದ. ನಾಲ್ಕು ಹೆಜ್ಜೆ ಸರಿಯಾಗಿ ಹೋಯಿತು. ನಾನು ಖುಷಿಯಲ್ಲಿ ಸೀಟಿ ಊದಿದೆ. ದೊರೆಸಾನಿ ಬೆಚ್ಚಿ ಹಾರಿತು, ಹಗ್ಗ ಅವನ ಕಾಲಿಗೆ ಸುತ್ತಿಕೊಂಡಿತು, ಇಬ್ಬರೂ ನನ್ನ ಚೆಂಡು ಹೂವಿನ ಮಡಿಯಲ್ಲಿ ಬಿದ್ದರು. ಓಬಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕ ಸದ್ದು ಬರಲಿಲ್ಲ, ಹೆಗಲು ಮಾತ್ರ ಕುಣಿಯುತ್ತಿತ್ತು. ಅವಳ ಆಪರೇಷನ್ ಆದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೂವಿನ ಮಡಿ ಹೋದರೆ ಹೋಗಲಿ ಎನ್ನಿಸಿತು.

ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ಓಬಕ್ಕ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಮುಂದೆ ಹೋಗಿ, ಅವನಿಗೆ ಬೆನ್ನು ಮಾಡಿ ನಿಂತಳು. "ನನ್ನ ನೋಡ್ಕಂಡು ಬಾ" ಎಂದಳು, ಅಷ್ಟೆ.

ಅವಳು ನಡೆದಳು. ಅವನು ಅವಳ ಬೆನ್ನು ನೋಡುತ್ತ ನಡೆದ. ಹಗ್ಗ ಅವನ ಕೈಯಲ್ಲಿ ಸಡಿಲವಾಗಿ ತೂಗುತ್ತಿತ್ತು. ದೊರೆಸಾನಿ ಒಮ್ಮೆ ಗಾಳಿ ಮೂಸಿ, ಕಿವಿ ಮುಂದೆ ಮಾಡಿ, ಟಕ್ ಟಕ್ ಎಂದು ಹಿಂದೆ ಬಂತು. ಬೇವಿನ ಮರದವರೆಗೆ ಹೋಗಿ, ಸುತ್ತು ಹಾಕಿ ಬಂದರು. ಅವನು ಒಮ್ಮೆಯೂ ತಿರುಗಲಿಲ್ಲ. ತಿರುಗಬೇಕೆಂದು ಅವನಿಗೆ ನೆನಪೇ ಆಗಲಿಲ್ಲ. ಬದುಕಿಡೀ ನೋಡಿದ ಬೆನ್ನು ಅದು, ಕಣ್ಣು ತಾನಾಗಿ ಅದರ ಮೇಲೆ ಕೂರುತ್ತದೆ.

"ಓಬಕ್ಕ, ಯಾರನ್ನ ಹಗ್ಗಕ್ಕೆ ಹಾಕ್ತಿದೀಯ? ಮರಿಯನ್ನೋ ಗಂಡನನ್ನೋ?" ಎಂದು ಕೂಗಿದೆ.

ಅವಳು ಎರಡು ಬೆರಳು ಎತ್ತಿ ತೋರಿಸಿದಳು.

ಹೀಗೆ ಅಭ್ಯಾಸ ನಡೆಯಿತು. ಬೆಳಿಗ್ಗೆ ನಾನು ಸ್ಕೂಲಿಗೆ ಹೊರಡುವಾಗ ಓಬಕ್ಕ, ಅವಳ ಹಿಂದೆ ಚಿತ್ರಲಿಂಗಣ್ಣ, ಅವನ ಹಿಂದೆ ದೊರೆಸಾನಿ. ದಿನ ಕಳೆದಂತೆ ಓಬಕ್ಕ ಇವರಿಂದ ದೂರ ದೂರ ನಡೆಯತೊಡಗಿದಳು. ಆಮೇಲೆ ತಿರುವಿನಲ್ಲಿ ಮರೆಯಾಗಿ, ಇವನು ತಿರುವು ದಾಟುವ ಹೊತ್ತಿಗೆ ಮತ್ತೆ ಕಾಣಿಸುತ್ತಿದ್ದಳು. ಒಂದು ದಿನ ತಿರುವಿನಲ್ಲಿ ಮರೆಯಾದವಳು ಮತ್ತೆ ಕಾಣಿಸಲಿಲ್ಲ. ಬೇಲಿ ಸಂದಿಯಲ್ಲಿ ನುಸುಳಿ ನನ್ನ ಅಂಗಳಕ್ಕೆ ಬಂದು, ಜಗಲಿಯ ಮೇಲೆ ಕೂತು, ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಇಬ್ಬರೂ ಕದ್ದು ನೋಡಿದೆವು. ಚಿತ್ರಲಿಂಗಣ್ಣ ಖಾಲಿ ದಾರಿ ನೋಡಿ ಒಂದು ಕ್ಷಣ ನಿಂತ. ಕತ್ತು ಅರ್ಧ ತಿರುಗಿತು. ಮತ್ತೆ ನೇರವಾಯಿತು. ದೂರದ ಯಾವುದನ್ನೋ ನೋಡುತ್ತ ನಡೆದುಹೋದ, ಹಿಂದೆ ಗಂಟೆ ಕಟ್ಟಿಕೊಂಡ ದೊರೆಸಾನಿ. ಓಬಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ಕೈ ಬಿಟ್ಟ ಮೇಲೆ ನೋಡಿದರೆ ಅವಳ ಬಳೆಯ ಗುರುತು ನನ್ನ ಮಣಿಕಟ್ಟಿನ ಮೇಲೆ ಮೂಡಿತ್ತು.

ಉಳಿದದ್ದು ಕೂಗು. ಅದು ಮಾತ್ರ ಆಗಲಿಲ್ಲ. ಅವನಿಗೆ ಬರುವುದು ಹಿಂದಿನಿಂದ ತಳ್ಳುವ "ಹೈಕ್! ಹೈಕ್!" ಒಂದೇ. ಮುಂದೆ ನಿಂತು ಹಾಗೆ ಕೂಗಿದರೆ ಕುರಿಗಳಿಗೆ ದಿಕ್ಕು ತಪ್ಪುತ್ತಿತ್ತು. ದನಿ ಎದುರಿನಿಂದ ಬರುತ್ತಿದೆ, ಹಾಗಾದರೆ ಹಿಂದಕ್ಕೆ ಓಡಬೇಕು ಎಂದುಕೊಂಡು ತಿರುಗಿ ಹಟ್ಟಿಯ ಕಡೆಗೇ ಹೊರಟುಬಿಡುತ್ತಿದ್ದವು. "ನನ್ನಂಗೆ ಕರಿ" ಎಂದು ಓಬಕ್ಕ ಹೇಳಿದರೆ ಅವನು ಕಿವಿಯವರೆಗೂ ಕೆಂಪಾಗಿ, "ಥೂ, ಹೆಂಗಸ್ರಂಗೆ ಹೆಂಗೆ ಕೂಗ್ಲಿ? ಹಟ್ಟಿಯೋರೆಲ್ಲ ನಗ್ತಾರೆ" ಎನ್ನುತ್ತಿದ್ದ. ಅವಳು ಒತ್ತಾಯ ಮಾಡಲಿಲ್ಲ. ಗಂಟೆ ಒಂದೇ ಸಾಕು ಅಂತ ನನಗೆ ಹೇಳಿದಳು, ತನಗೂ ಹೇಳಿಕೊಂಡಳು.

ನಾನು ನನ್ನ ಹಳೆಯ ಸೀಟಿಯನ್ನು ಓಬಕ್ಕನ ಕೊರಳಿಗೆ ಹಾಕಿದೆ. ಹಿಂದೆ ನಡೆಯುವವಳಿಗೆ ಮುಂದಿನವನಿಗೆ ಏನಾದರೂ ತಿಳಿಸಬೇಕೆಂದರೆ ಬೇಕಲ್ಲ. ಮರಿ ಬೆಚ್ಚದ ಹಾಗೆ ಮೆಲ್ಲಗೆ ಊದಿ ಊದಿ ರೂಢಿ ಮಾಡಿಸಿದೆವು. ಚಿಕ್ಕದಾಗಿ ಊದಿದರೆ ಎಲ್ಲ ಕುರಿ ಬಂದವು, ನಡಿ ಎಂದರ್ಥ. ಉದ್ದಕ್ಕೆ ಊದಿದರೆ ನಿಲ್ಲು.

ಹೊರಡುವ ದಿನ ಭಾನುವಾರ ಇತ್ತು, ನಾನೂ ಹೈವೇವರೆಗೆ ಹೋದೆ. ನಸುಕಿನ ಚಳಿ. ಮುಂದೆ ಚಿತ್ರಲಿಂಗಣ್ಣ, ಹೆಗಲ ಮೇಲೆ ಕಂಬಳಿ, ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಕೋಲು. ಅವನ ಹಿಂದೆ ದೊರೆಸಾನಿ, ಕೊರಳಲ್ಲಿ ತಾಯಿಯ ಗಂಟೆ. ಆಮೇಲೆ ಮಂದೆ. ಕೊನೆಗೆ ಕೋಲು ಹಿಡಿದ ಓಬಕ್ಕ, ಪಕ್ಕದಲ್ಲಿ ನಾನು. ಹೊಲದ ದಾರಿಯುದ್ದಕ್ಕೂ ಎಲ್ಲ ಸರಾಗವಾಗಿ ಹೋಯಿತು. ಬಿಸಿಲು ಏರುವ ಹೊತ್ತಿಗೆ ಅಂಡರ್‌ಪಾಸ್ ಬಂತು.

ಹಗಲಲ್ಲೂ ಅದರೊಳಗೆ ಕತ್ತಲು. ನೆಲದಲ್ಲಿ ಕೆಸರು ನೀರು. ನೆತ್ತಿಯ ಮೇಲೆ ಲಾರಿಗಳು ಒಂದರ ಹಿಂದೊಂದು ಹೋಗುವಾಗ ಗೋಡೆಯೇ ಗುಡುಗುತ್ತಿತ್ತು. ಆಚೆಯ ಬೆಳಕಿನಲ್ಲಿ ತಿಮ್ಮೇಶ್ ಮತ್ತು ಅವನ ಹುಡುಗರು ನಿಂತಿದ್ದು ಕಾಣುತ್ತಿತ್ತು. ಚಿತ್ರಲಿಂಗಣ್ಣ ಒಳಗೆ ಹೆಜ್ಜೆ ಇಟ್ಟ. ದೊರೆಸಾನಿ ನೆರಳಿನ ಗೆರೆಯ ಹತ್ತಿರ ಬಂದು ಮುಂಗಾಲು ಊರಿ ನಿಂತಿತು. ಹಗ್ಗ ಬಿಗಿಯಾಯಿತು. ಗಂಟೆ ನಿಂತಿತು. ಗಂಟೆ ನಿಂತದ್ದೇ ಕುರಿಗಳೂ ನಿಂತವು, ಒಂದರ ಮೇಲೊಂದು ಒತ್ತಿಕೊಂಡವು, ಅಂಚಿನವು ತಲೆ ತಿರುಗಿಸಿ ಬಂದ ದಾರಿ ನೋಡತೊಡಗಿದವು. ಹಿಂದೆ ಒಬ್ಬ ಟ್ರ್ಯಾಕ್ಟರಿನವನು ಹಾರ್ನ್ ಒತ್ತಲು ಶುರು ಮಾಡಿದ. ನಾನು ತಿರುಗಿ ಅವನಿಗೆ ಏನು ಹೇಳಿದೆನೆಂದು ಇಲ್ಲಿ ಬರೆಯುವುದಿಲ್ಲ. ಹಾರ್ನ್ ನಿಂತಿತು.

ಚಿತ್ರಲಿಂಗಣ್ಣನ ಕತ್ತು ತಿರುಗತೊಡಗಿದ್ದು ಇಷ್ಟು ದೂರದಿಂದಲೂ ಕಂಡಿತು. ಓಬಕ್ಕ ಬಾಯಿ ತೆರೆದಳು. ಅಭ್ಯಾಸ, ಪಾಪ. ಗಂಟಲಿನ ನರ ಉಬ್ಬಿತು, ಬರೀ ಗಾಳಿ ಬಂತು. ಸೀಟಿ ಬಾಯಿಗಿಟ್ಟುಕೊಂಡಳು. ಆ ಗುಹೆಯಂಥ ಜಾಗದಲ್ಲಿ ಸೀಟಿ ಊದಿದರೆ ಮರಿ ಹಗ್ಗ ಹರಿದು ಓಡುತ್ತದೆಂದು ಅವಳಿಗೂ ಗೊತ್ತು. ತೆಗೆದುಬಿಟ್ಟಳು. ಮುಂದೆ ನಡೆಯಲೆಂದೇ ಹುಟ್ಟಿದವಳು ಹಿಂದೆ ನಿಂತು, ಏನೂ ಮಾಡಲಾಗದೆ, ಗಂಡನ ಕತ್ತನ್ನು ನೋಡುತ್ತಿದ್ದಳು. ಮುಗಿಯಿತು, ಇವಳಿಗೆ ಇನ್ನು ಹೊಳಲ್ಕೆರೆಯ ಬಸ್ಸೇ ಗತಿ ಎಂದುಕೊಂಡೆ.

ಕತ್ತು ಅರ್ಧಕ್ಕೆ ನಿಂತಿತು. ಮತ್ತೆ ಮುಂದಕ್ಕೆ ಹೋಯಿತು. ಅವನು ಹಗ್ಗವನ್ನು ಕೈಯಿಂದ ಸ್ವಲ್ಪ ಸಡಿಲ ಬಿಟ್ಟ. ನಮ್ಮ ಕಡೆ ಬೆನ್ನು ಮಾಡಿ, ಆಚೆ ನಿಂತ ಗಂಡಸರಿಗೆಲ್ಲ ಮುಖ ಮಾಡಿ, ತಲೆಯೆತ್ತಿ ಕೂಗಿದ.

"ಬಾ... ಬಾ... ಹೋ...ಯ್!"

ಓಬಕ್ಕನ ಕೂಗು. ಅದೇ ಏರು, ಅದೇ ತೆಳುವಾದ ತುದಿ. ಗಂಡು ಗಂಟಲಲ್ಲಿ ಒಡೆದು, ತುದಿಯಲ್ಲಿ ಕೀರಲಾಗಿ, ಗೋಡೆಗೆ ಬಡಿದು, ಒಂದು ಕೂಗು ಹತ್ತಾಗಿ ಬಂತು. ನಲವತ್ತು ವರ್ಷ ಹಿಂದೆ ನಡೆಯುತ್ತ ಕೇಳಿದ ಕೂಗು ಅದು, ಅವನಿಗೆ ಬಾರದೆ ಇರುತ್ತದೆಯೇ? ಮುಂಚೂಣಿಯ ಕುರಿಗಳು ತಲೆಯೆತ್ತಿದವು. ದೊರೆಸಾನಿ ಕಿವಿ ನೆಟ್ಟಗೆ ಮಾಡಿ, ಮೂಗಿನಿಂದ ಒಮ್ಮೆ ಬುಸ್ಸೆಂದು, ಕೆಸರು ನೀರಿಗೆ ಕಾಲಿಟ್ಟಿತು. ಗಂಟೆ ನುಡಿಯಿತು. ಅವನು ಮತ್ತೆ ಕೂಗಿದ, ಈ ಸಲ ನಾಚಿಕೆಯಿಲ್ಲದೆ. ಮಂದೆ ಒಡ್ಡು ಒಡೆದ ನೀರಿನ ಹಾಗೆ ಒಳಗೆ ನುಗ್ಗಿತು.

ಓಬಕ್ಕ ಗಂಟಲ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟಿದ್ದಳು. "ನಂದೇ ಕಣಮ್ಮ" ಎಂದಳು. "ನನ್ನ ಕೂಗು ಹೆಂಗೈತೆ ಅಂತ ನಾನು ಯಾವತ್ತೂ ಕೇಳೇ ಇರ್ಲಿಲ್ಲ." ಕಣ್ಣೀರು ಕೆನ್ನೆ ದಾಟಿ ಸೀಟಿಯ ಮೇಲೆ ಬೀಳುತ್ತಿತ್ತು. ಆಮೇಲೆ ಹಿಂದುಳಿದ ಒಂದು ಮುದಿ ಕುರಿಯನ್ನು ಮೊಣಕಾಲಿನಿಂದ ತಳ್ಳಿ, "ನಡಿಯೇ, ಕರಿತಾ ಅವ್ನೆ" ಎಂದು ಪಿಸುಗುಟ್ಟಿ ಒಳಗೆ ನಡೆದಳು.

ಆಚೆ ಬೆಳಕಿಗೆ ಬಂದಾಗ ತಿಮ್ಮೇಶ್ ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ದಾರಿ ಬಿಟ್ಟು ನಿಂತಿದ್ದ. ಅವನ ಹುಡುಗರಲ್ಲಿ ಒಬ್ಬ ನಗಲು ಹೊರಟ. ತಿಮ್ಮೇಶ್ ಅವನ ಕಡೆ ಒಮ್ಮೆ ನೋಡಿದ್ದಕ್ಕೆ ಅವನ ನಗು ಬಾಯಲ್ಲೇ ಉಳಿಯಿತು. "ಹೋಗ್ಬಾ ಅಕ್ಕ" ಎಂದ ತಿಮ್ಮೇಶ್, ಅಷ್ಟೇ. ಓಬಕ್ಕ ಕೊನೆಯ ಕುರಿ ದಾಟಿದ್ದನ್ನು ನೋಡಿ ಚಿಕ್ಕದಾಗಿ ಸೀಟಿ ಊದಿದಳು. ಅಷ್ಟು ದೂರದಲ್ಲಿದ್ದ ಚಿತ್ರಲಿಂಗಣ್ಣ ತಿರುಗಲಿಲ್ಲ. ಕೋಲನ್ನು ಗಾಳಿಯಲ್ಲಿ ಎತ್ತಿ ತೋರಿಸಿ ಮುಂದೆ ನಡೆದ.

"ನೋಡಮ್ಮ, ತಿರುಗೇ ನೋಡ್ಲಿಲ್ಲ" ಎಂದಳು ಓಬಕ್ಕ. ದನಿಯಲ್ಲಿ ಹೆಮ್ಮೆಯಿತ್ತು, ಸ್ವಲ್ಪ ಮುನಿಸೂ ಇತ್ತು. "ಒಂದ್ಸಲನಾದ್ರೂ ನೋಡ್ಬೋದಿತ್ತು."

ನಾನು ನಗುತ್ತ ಅಲ್ಲಿಂದಲೇ ವಾಪಸ್ಸು ಹೊರಡಬೇಕೆಂದುಕೊಂಡೆ. ಅಷ್ಟರಲ್ಲಿ ಅವಳ ಮುಖ ಬದಲಾಯಿತು. ಹಣೆಗೆ ಕೈ ಅಡ್ಡ ಹಿಡಿದು ಮುಂದೆ ನಡೆಯುತ್ತಿದ್ದ ಗಂಡನನ್ನೇ ನೋಡಿದಳು.

"ಹೇಮಮ್ಮ, ಅವ್ನು ಎಡಗಾಲು ಎಳಿತಾ ಅವ್ನಾ?"

ನಾನೂ ನೋಡಿದೆ. ಹೌದು, ಎಳೆಯುತ್ತಿದ್ದ. ನನ್ನ ಮನೆಯ ಮುಂದಿನ ಗಿಡ್ಡ ದಾರಿಯಲ್ಲಿ ಅದು ಗೊತ್ತಾಗಿರಲಿಲ್ಲ. ದೂರ ನಡೆದು ಸುಸ್ತಾದ ಮೇಲೆ ಕಾಣುತ್ತಿತ್ತು, ಬಲಗಾಲು ಎತ್ತಿಟ್ಟು, ಎಡಗಾಲನ್ನು ನೆಲದ ಮೇಲೆ ಜಾರಿಸಿಕೊಂಡು ಬರುವುದು.

"ಯಾವಾಗ್ಲಿಂದ ಹಿಂಗೆ?" ಎಂದಳು ಓಬಕ್ಕ. ಉತ್ತರ ಕೊಡಬೇಕಾದವನು ಮಂದೆಯ ಆ ತುದಿಯಲ್ಲಿದ್ದ. "ಒಂದಿನಾನೂ ಹೇಳ್ಲಿಲ್ಲ. ನಾನು ಮುಂದೆ ಬಿರಬಿರನೆ ಹೋಗ್ತಿದ್ದೆ. ಹಿಂದೆ ಇವ್ನು ಹಿಂಗೇ ಬರ್ತಿದ್ನಾ?"

ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ.

ಮುಂದೆ ಒಂದು ಜಾಲಿ ಮರ, ಅದರಡಿ ಅಗಲವಾದ ನೆರಳು. ಸಾಮಾನ್ಯವಾಗಿ ಮಂದೆ ಅಲ್ಲಿ ನಿಲ್ಲುವುದಿಲ್ಲ, ಕಾಲುವೆಯ ತನಕ ಒಂದೇ ಉಸಿರಿಗೆ ಹೋಗುವುದು ಓಬಕ್ಕನ ಪದ್ಧತಿ. ಅವಳು ಸೀಟಿಯನ್ನು ಬಾಯಿಗಿಟ್ಟುಕೊಂಡು ಉದ್ದಕ್ಕೆ ಊದಿದಳು.

ಚಿತ್ರಲಿಂಗಣ್ಣ ನಿಂತ. ಯಾಕೆಂದು ತಿರುಗಿ ನೋಡಲಿಲ್ಲ. ಹಗ್ಗ ಸಡಿಲ ಬಿಟ್ಟು, ದೊರೆಸಾನಿಯ ಕೊರಳು ತಟ್ಟಿ, ಜಾಲಿ ಮರದ ನೆರಳಿನಲ್ಲಿ ಎಡಗಾಲು ಚಾಚಿಕೊಂಡು ಕುಳಿತ.